ಸೆಕ್ಟರ್ 9ರ ಪಕ್ಕ 17 ಯಾಕೆ? ಕಾರಿನಲ್ಲಿ ಚಂಡೀಗಢಕ್ಕೆ ಹೊರಟ ಕಲಬುರಗಿಯವರಿಗೆ

ಬೇಸಿಗೆ ರಜೆ ಹತ್ತಿರ ಬಂದರೆ ನಮ್ಮ ಓಣಿಯಲ್ಲಿ ಈಗ ಕಾರಿನದೇ ಮಾತು. ಅಮೃತಸರ, ಮನಾಲಿ, ಕಾಶ್ಮೀರ. ಮೊದಲು ರೈಲಿನಲ್ಲಿ ಹೋಗುತ್ತಿದ್ದ ಜಾಗಗಳಿಗೆ ಜನ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ತಾವೇ ಗಾಡಿ ಓಡಿಸಿಕೊಂಡು ಹೋಗುತ್ತಿದ್ದಾರೆ. ದಾರಿ ಸರಳ. ಹುಮನಾಬಾದ್, ಜಹೀರಾಬಾದ್ ಮೇಲೆ ಹೈದರಾಬಾದ್. ಅಲ್ಲಿಂದ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ನಾಗಪುರ, ಝಾನ್ಸಿ, ಆಗ್ರಾ, ದೆಹಲಿ ದಾಟಿ ಅಂಬಾಲಾ. ಅಂಬಾಲಾದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ಹೊರಳಿದರೆ ಒಂದು ತಾಸಿನಲ್ಲಿ ಚಂಡೀಗಢ. ಕಲಬುರಗಿಯಿಂದ ಸುಮಾರು 2000 ಕಿ.ಮೀ. ಆಗುತ್ತದೆ.

ಬೆಟ್ಟ ಹತ್ತುವ ಮುಂಚೆ ಹೆಚ್ಚಿನವರು ಚಂಡೀಗಢದಲ್ಲಿ ಒಂದು ರಾತ್ರಿ ನಿಲ್ಲುತ್ತಾರೆ. ನಾವೂ ನಿಂತೆವು. ಪರಿಚಯದವರ ಮನೆಗೆ ಹೋಗಬೇಕಿತ್ತು. ನನ್ನ ಚೀಟಿಯಲ್ಲಿ ಮನೆ ನಂಬರ್ ಇತ್ತು, ಸೆಕ್ಟರ್ ಬರೆದುಕೊಂಡಿರಲಿಲ್ಲ. ಅವರ ಫೋನ್ ಹತ್ತುತ್ತಿರಲಿಲ್ಲ. ಒಂದು ವೃತ್ತ ದಾಟಿದರೆ ಅಂಥದ್ದೇ ಇನ್ನೊಂದು ವೃತ್ತ. ಎಲ್ಲಾ ಕಡೆ ಒಂದೇ ಥರದ ಅಗಲ ರಸ್ತೆ, ಒಂದೇ ಥರದ ಮರಗಳ ಸಾಲು. ಕೇಳೋಣ ಅಂದರೆ ರಸ್ತೆ ಬದಿಗೆ ಒಂದು ಪಾನ್ ಅಂಗಡಿಯೂ ಇಲ್ಲ. ಒಂದು ತಾಸು ಸುತ್ತಿದ ಮೇಲೆ ಫೋನ್ ಹತ್ತಿತು. ಅವರು ಕೇಳಿದ ಮೊದಲ ಪ್ರಶ್ನೆ, "ಯಾವ ಸೆಕ್ಟರ್‌ನಲ್ಲಿದ್ದೀರಿ?"

ಆ ರಾತ್ರಿ ಊಟದ ನಂತರ ಅವರು ಒಂದು ಹಾಳೆಯ ಮೇಲೆ ಗೆರೆ ಎಳೆದು ಊರನ್ನು ವಿವರಿಸಿದರು. ಮರುದಿನ ನಾವು ನೋಡಿದ್ದು ಬೇರೆಯೇ ಚಂಡೀಗಢ. ಆ ಹಾಳೆ ನಿಮ್ಮ ಕೈಯಲ್ಲೂ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ರಾಜಧಾನಿ, ಅದರಲ್ಲೂ ಯೋಜಿತ ರಾಜಧಾನಿ

ರಾಜಧಾನಿ ಅಂದರೆ ರಾಜ್ಯದ ಮೂರು ಕೆಲಸ ನಡೆಯುವ ಊರು. ಕಾನೂನು ಮಾಡುವ ವಿಧಾನಸಭೆ, ಫೈಲು ಓಡಾಡುವ ಸಚಿವಾಲಯ, ಸಾಮಾನ್ಯವಾಗಿ ಹೈಕೋರ್ಟ್ ಕೂಡ. ರಾಜಧಾನಿ ಎಲ್ಲಿದೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ನಮ್ಮ ಭಾಗದವರಿಗೆ ಹೇಳಿಕೊಡಬೇಕಿಲ್ಲ. 1956ರ ನವೆಂಬರ್ 1ರ ಮೊದಲು ನಮ್ಮ ಹಿರಿಯರಿಗೆ ರಾಜಧಾನಿ ಅಂದರೆ ಹೈದರಾಬಾದ್. ಆಮೇಲೆ ಅದು ಸುಮಾರು 600 ಕಿ.ಮೀ. ದೂರದ ಬೆಂಗಳೂರಾಯಿತು. ಒಂದು ಕೇಸಿಗಾಗಿ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋಗಿ ಬಂದವರು ಎಷ್ಟೋ ಮನೆಗಳಲ್ಲಿದ್ದಾರೆ. 2008ರಲ್ಲಿ ಹೈಕೋರ್ಟ್ ಪೀಠ ಕಲಬುರಗಿಗೆ ಬಂದಾಗ ಆದ ಸಮಾಧಾನಕ್ಕೆ ಕಾರಣವೂ ಅದೇ.

ಇನ್ನು ಯೋಜಿತ ಅಂದರೆ, ಜನ ಬರುವ ಮೊದಲೇ ಕಾಗದದ ಮೇಲೆ ಬರೆದ ಊರು. ಕಲಬುರಗಿ ಹಾಗೆ ಹುಟ್ಟಿದ್ದಲ್ಲ. ಕೋಟೆಯ ಸುತ್ತ ಒಂದಷ್ಟು ಮನೆ, ಬಂದೇನವಾಜ್ ದರ್ಗಾದ ಸುತ್ತ ಒಂದಷ್ಟು, ಶರಣಬಸವೇಶ್ವರ ಗುಡಿಯ ಸುತ್ತ ಒಂದಷ್ಟು, ಗಂಜ್ ಬಂದ ಮೇಲೆ ಅಡತಿ ಅಂಗಡಿಗಳು. ಮೊದಲು ಜನ ನಡೆದರು, ನಡೆದಲ್ಲಿ ದಾರಿಯಾಯಿತು, ದಾರಿಗೆ ಹೆಸರು ಬಂತು. ಯೋಜಿತ ಊರಿನಲ್ಲಿ ಇದೆಲ್ಲ ತಿರುವುಮುರುವು. ಮೊದಲು ಗೆರೆ, ಆಮೇಲೆ ರಸ್ತೆ, ಕೊನೆಗೆ ಜನ. ಜನ ಬರುವ ತನಕ ಕಾಯದೆ ಗುರುತು ಹಾಕಬೇಕಲ್ವಾ? ಅದಕ್ಕೇ ಹೆಸರಿನ ಬದಲು ನಂಬರ್.

ಲಾಹೋರ್ ಕೈ ತಪ್ಪಿದ ಮೇಲೆ

1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬ್ ಕೂಡ ಎರಡಾಯಿತು. ಅದರ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಂಜಾಬಿಗೆ ಸರ್ಕಾರ ಇತ್ತು, ಕೂರಲು ಊರು ಇರಲಿಲ್ಲ. ಶಿಮ್ಲಾದಲ್ಲಿ ತಾತ್ಕಾಲಿಕವಾಗಿ ಕೂತರು. ಇರುವ ಊರುಗಳಲ್ಲಿ ಆಗಲೇ ನಿರಾಶ್ರಿತರು ತುಂಬಿದ್ದರು. ಹೊಸದಾಗಿ ಕಟ್ಟೋಣ ಅಂತ ತೀರ್ಮಾನವಾಯಿತು. 1948ರಲ್ಲಿ ಶಿವಾಲಿಕ್ ಬೆಟ್ಟಗಳ ಬುಡದಲ್ಲಿ, ಎರಡು ಮಳೆಗಾಲದ ಹೊಳೆಗಳ ನಡುವಿನ ಇಳಿಜಾರು ಜಾಗ ಗೊತ್ತು ಮಾಡಿದರು. ಹತ್ತಿರದ ಚಂಡಿ ದೇವಿಯ ಗುಡಿಯಿಂದ ಊರಿಗೆ ಹೆಸರು ಬಂತು.

ಮೊದಲ ನಕ್ಷೆ ಅಮೆರಿಕದ ಆಲ್ಬರ್ಟ್ ಮೇಯರ್ ಅವರದು. ಅವರ ಜೊತೆ ಪೋಲೆಂಡ್ ಮೂಲದ ವಾಸ್ತುಶಿಲ್ಪಿ ಮ್ಯಾಥ್ಯೂ ನೊವಿಕಿ ಇದ್ದರು. ಬೀಸಣಿಗೆಯಂತೆ ಹರಡಿದ, ಬಾಗಿದ ರಸ್ತೆಗಳ ನಕ್ಷೆ ಅದು. 1950ರಲ್ಲಿ ನೊವಿಕಿ ವಿಮಾನ ಅಪಘಾತದಲ್ಲಿ ತೀರಿಹೋದರು. ಬೇರೆಯವರನ್ನು ಹುಡುಕಲು ಆಡಳಿತಾಧಿಕಾರಿ ಪಿ.ಎನ್. ಥಾಪರ್ ಮತ್ತು ಮುಖ್ಯ ಎಂಜಿನಿಯರ್ ಪಿ.ಎಲ್. ವರ್ಮಾ ಯುರೋಪಿಗೆ ಹೋದರು. ಹಾಗೆ 1951ರಲ್ಲಿ ಬಂದವರು ಫ್ರಾನ್ಸಿನ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ. ಅವರು ಬಾಗಿದ ರಸ್ತೆಗಳನ್ನು ನೇರ ಮಾಡಿ, ಊರನ್ನು ಚೌಕಳಿಯಾಗಿ ಬರೆದರು.

ಅವರೊಬ್ಬರೇ ಊರು ಕಟ್ಟಿದರು ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಅವರು ಆಗಾಗ ಬಂದು ಹೋಗುತ್ತಿದ್ದರು. ಸ್ಥಳದಲ್ಲೇ ಇದ್ದು ವರ್ಷಗಟ್ಟಲೆ ಕೆಲಸ ನೋಡಿದವರು ಅವರ ಸೋದರ ಸಂಬಂಧಿ ಪಿಯರ್ ಜೆನೆರೆ. ಮನೆ, ಶಾಲೆ, ಆಸ್ಪತ್ರೆಗಳ ವಿನ್ಯಾಸದಲ್ಲಿ ಜೇನ್ ಡ್ರೂ, ಮ್ಯಾಕ್ಸ್‌ವೆಲ್ ಫ್ರೈ ದಂಪತಿಯ ಪಾಲು ದೊಡ್ಡದು. ಊರ್ಮಿಳಾ ಯೂಲಿ ಚೌಧರಿ, ಎಂ.ಎನ್. ಶರ್ಮಾ ಅವರಂಥ ಭಾರತೀಯರೂ ತಂಡದಲ್ಲಿದ್ದರು. 1953ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಹೊಸ ರಾಜಧಾನಿಯನ್ನು ಉದ್ಘಾಟಿಸಿದರು.

1966ರಲ್ಲಿ ಪಂಜಾಬಿನಿಂದ ಹರಿಯಾಣ ಬೇರೆಯಾಯಿತು. ಆ ದಿನವೂ ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನ! ಊರು ಯಾರಿಗೆ ಅನ್ನುವ ತಕರಾರು ಬಂತು. ಕೇಂದ್ರಾಡಳಿತ ಪ್ರದೇಶ ಮಾಡಿ, ಇಬ್ಬರಿಗೂ ರಾಜಧಾನಿ ಅಂತ ಕೊಟ್ಟರು. ಇವತ್ತಿಗೂ ಹಾಗೇ ಇದೆ. ಎರಡು ವಿಧಾನಸಭೆ ಒಂದೇ ಕಟ್ಟಡದಲ್ಲಿ, ಎರಡೂ ರಾಜ್ಯಕ್ಕೆ ಒಂದೇ ಹೈಕೋರ್ಟ್. ಅಣ್ಣತಮ್ಮಂದಿರು ಪಾಲಾದ ಮೇಲೂ ಒಂದೇ ವಾಡೆಯಲ್ಲಿ ಎರಡು ಒಲೆ ಹೂಡಿಕೊಂಡು ಇರುತ್ತಾರಲ್ಲ, ಹಾಗೆ.

ಸೆಕ್ಟರ್ ಅಂದರೆ 240 ಎಕರೆಯ ಒಂದು ಊರು

ಚಂಡೀಗಢ ಅರ್ಥವಾಗಬೇಕಾದರೆ ಈ ಒಂದು ಮಾತು ತಿಳಿದರೆ ಅರ್ಧ ಕೆಲಸ ಮುಗಿಯಿತು. ಒಂದು ಮಾದರಿ ಸೆಕ್ಟರ್ ಉದ್ದ 1200 ಮೀಟರ್, ಅಗಲ 800 ಮೀಟರ್. ನಮ್ಮ ಲೆಕ್ಕದಲ್ಲಿ ಸುಮಾರು 240 ಎಕರೆ. ಅಷ್ಟು ತೊಗರಿ ಹೊಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ನಾಲ್ಕೂ ಬದುವಿನ ಮೇಲೆ ದೊಡ್ಡ ರಸ್ತೆ. ಒಳಗೆ ಮನೆ, ಶಾಲೆ, ದವಾಖಾನೆ, ಸಂತೆ, ಪಾರ್ಕು ಎಲ್ಲ.

ಯಾಕೆ ಇಷ್ಟೇ ಅಳತೆ? ನಡಿಗೆಯ ಲೆಕ್ಕ ಅದು. ಸೆಕ್ಟರ್‌ನ ಯಾವ ಮನೆಯಿಂದ ಹೊರಟರೂ ಹತ್ತು ನಿಮಿಷದ ಆಸುಪಾಸಿನಲ್ಲಿ ಮಗು ಶಾಲೆ ಮುಟ್ಟಬೇಕು. ಹಾಲು, ತರಕಾರಿ ತರಲು ದೊಡ್ಡ ರಸ್ತೆ ದಾಟಬಾರದು. ನಮ್ಮ ಕಡೆ ಹೊಸ ಬಡಾವಣೆ ಹೇಗಾಗುತ್ತದೆ ನೋಡಿ. ಮೊದಲು ಪ್ಲಾಟು ಮಾರಾಟ, ಆಮೇಲೆ ಮನೆ, ಎಷ್ಟೋ ವರ್ಷದ ಮೇಲೆ ಶಾಲೆ ಎಲ್ಲಿ ಅನ್ನುವ ಪ್ರಶ್ನೆ. ಇಲ್ಲಿ ಶಾಲೆಯ ಜಾಗ ಮೊದಲು ಗುರುತಾಗಿ, ಅದರ ಸುತ್ತ ಮನೆ ಬಂದವು. ಎರಡು ಮಕ್ಕಳನ್ನು ಆಟೋದಲ್ಲಿ ಊರ ಈ ತುದಿಯಿಂದ ಆ ತುದಿಗೆ ಶಾಲೆಗೆ ಕಳಿಸಿದ ತಾಯಿಯಾಗಿ, ಇಡೀ ಊರಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಇನ್ನೊಂದು ಮಾತು. ಸೆಕ್ಟರ್ ತನ್ನ ಬೆನ್ನನ್ನು ದೊಡ್ಡ ರಸ್ತೆಗೆ ತಿರುಗಿಸಿ ಕೂತಿರುತ್ತದೆ. ಮನೆಗಳ ಬಾಗಿಲು ಒಳಗಡೆಗೆ. ಅದಕ್ಕೇ ನಮಗೆ ಆ ರಾತ್ರಿ ಪಾನ್ ಅಂಗಡಿ ಕಾಣಲಿಲ್ಲ. ನಾವು ಊರಿನ ಬೆನ್ನಹಿಂದೆ ಸುತ್ತುತ್ತಿದ್ದೆವು. ಯಾವುದೇ ಸೆಕ್ಟರ್‌ನ ಒಳಕ್ಕೆ 300 ಮೀಟರ್ ಹೋಗಿದ್ದರೆ ಬಜಾರೇ ಸಿಗುತ್ತಿತ್ತು.

ವಿಳಾಸವೂ ಇದಕ್ಕೆ ತಕ್ಕಂತೆ. ಪ್ರತಿ ಸೆಕ್ಟರ್‌ಗೆ ಎ, ಬಿ, ಸಿ, ಡಿ ಅಂತ ನಾಲ್ಕು ಭಾಗ. ಮನೆ ನಂಬರ್ ಪ್ರತಿ ಸೆಕ್ಟರ್‌ನಲ್ಲೂ ಹೊಸದಾಗಿ ಶುರುವಾಗುತ್ತದೆ. ಒಂದೇ ನಂಬರಿನ ಮನೆ ಹತ್ತಾರು ಸೆಕ್ಟರ್‌ಗಳಲ್ಲಿ ಇರಬಹುದು. ಸೆಕ್ಟರ್ ಇಲ್ಲದ ಮನೆ ನಂಬರ್, ಊರ ಹೆಸರಿಲ್ಲದ ಸರ್ವೆ ನಂಬರ್ ಇದ್ದಂತೆ.

ನೇಗಿಲ ಸಾಲಿನ ಲೆಕ್ಕ

ಈಗ ತಲೆಬರಹದ ಪ್ರಶ್ನೆ. 9ರ ಪಕ್ಕ 10 ಇದೆ ಸರಿ. ಆದರೆ 9ರಿಂದ ರಸ್ತೆ ದಾಟಿದರೆ 17. 17ರಿಂದ ಮತ್ತೆ ದಾಟಿದರೆ 22. ಏನಿದು?

ಎತ್ತು ಹೂಡಿ ಹೊಲ ಉಳುವುದನ್ನು ನೆನಪಿಸಿಕೊಳ್ಳಿ. ಈ ಬದುವಿನಿಂದ ಆ ಬದುವಿಗೆ ಒಂದು ಸಾಲು. ಅಲ್ಲೇ ಹೊರಳಿ, ಪಕ್ಕದ ಸಾಲಿನಲ್ಲಿ ವಾಪಸ್. ಸೆಕ್ಟರ್‌ಗಳ ಎಣಿಕೆ ನಡೆದಿರುವುದು ಹಾಗೇ. 7ರಿಂದ 12ರವರೆಗೆ ಒಂದು ಸಾಲು ಹೋಗುತ್ತದೆ. ಅಲ್ಲಿ ತಿರುಗಿ, 14ರಿಂದ 19ರವರೆಗೆ ಹಿಂದಕ್ಕೆ ಬರುತ್ತದೆ. ಮತ್ತೆ ತಿರುಗಿ 20ರಿಂದ 25.

ಇದರಿಂದ ಒಂದು ಚಂದದ ಲೆಕ್ಕ ಹುಟ್ಟಿದೆ. ಎದುರುಬದುರು ಸೆಕ್ಟರ್‌ಗಳನ್ನು ಕೂಡಿಸಿ. 9 ಮತ್ತು 17, 26. 8 ಮತ್ತು 18, ಅದೂ 26. ಕೆಳಗಿನ ಸಾಲಿನಲ್ಲಿ 17 ಮತ್ತು 22, 39. 16 ಮತ್ತು 23, ಮತ್ತೆ 39. ಎಲ್ಲವೂ 13ರ ಮಗ್ಗಿ. ಒಂದು ಸಾಲು ಏರುತ್ತಾ ಹೋದರೆ ಎದುರಿನ ಸಾಲು ಇಳಿಯುತ್ತಾ ಬರುತ್ತದೆ. ಹಾಗಾಗಿ ಮೊತ್ತ ಬದಲಾಗುವುದಿಲ್ಲ. ಮಜಾ ಏನೆಂದರೆ, ಈ ಎಣಿಕೆಯಲ್ಲಿ 12ರ ನಂತರ 13 ಇಲ್ಲ, ನೇರವಾಗಿ 14. ಅಪಶಕುನದ ನಂಬರ್ ಅಂತ ಬಿಟ್ಟರು ಅಂತ ಅಲ್ಲಿನ ಜನ ಹೇಳುತ್ತಾರೆ. ಈಚೆಗೆ ಊರಂಚಿನ ಮಣಿಮಾಜ್ರಾಗೆ ಆ ನಂಬರ್ ಕೊಟ್ಟಿದ್ದಾರೆ. 13 ಬಿಡದೆ ಎಣಿಸಿದ್ದರೆ 12 ಮತ್ತು 13 ಸೇರಿ 25 ಆಗಿ, ಮಗ್ಗಿ ತಪ್ಪುತ್ತಿತ್ತು. 30ರ ನಂತರದ ಹೊಸ ಭಾಗ ಶುರುವಾಗುವಲ್ಲಿ ಈ ಲೆಕ್ಕ ಮುರಿಯುತ್ತದೆ. 22ರ ಎದುರು 35 ಬರುತ್ತದೆ, ಮೊತ್ತ 57. ಹಳೆಯ ಚಂಡೀಗಢ ಎಲ್ಲಿ ಮುಗಿಯಿತು ಅಂತ ಕಾರಿನಲ್ಲಿ ಕೂತ ಮಕ್ಕಳೇ ಹೇಳಿಬಿಡಬಹುದು. ನಮ್ಮ ಮಕ್ಕಳು ಮರುದಿನ ಪೂರ್ತಿ ಇದನ್ನೇ ಮಾಡಿದರು.

ರಸ್ತೆಗೂ ಏಳು ದರ್ಜೆ

ಕಾರ್ಬುಸಿಯೆ ರಸ್ತೆಗಳನ್ನು ಏಳು ಬಗೆ ಮಾಡಿದರು. ನಮ್ಮ ನೀರಾವರಿ ಕಾಲುವೆ ಗೊತ್ತಿದ್ದವರಿಗೆ ಇದು ಸುಲಭ. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ ಇರುವಂತೆ ಇಲ್ಲಿ ವಿ-1ರಿಂದ ವಿ-7. ವಿ-1 ಬೇರೆ ಊರಿನಿಂದ ಬರುವ ಹೆದ್ದಾರಿ. ವಿ-2 ಊರ ಮುಖ್ಯ ರಸ್ತೆ. ವಿ-3 ಸೆಕ್ಟರ್‌ಗಳ ಬದುವಿನ ರಸ್ತೆ, ಗಾಡಿ ಜೋರಾಗಿ ಓಡಲು. ವಿ-4 ಸೆಕ್ಟರ್‌ನ ಒಳಗೆ ಅಡ್ಡಕ್ಕೆ ಹಾಯುವ ಬಜಾರ್ ರಸ್ತೆ. ವಿ-5, ವಿ-6 ಮನೆಬಾಗಿಲಿಗೆ ಒಯ್ಯುತ್ತವೆ. ವಿ-7 ಹಸಿರಿನ ನಡುವಿನ ಕಾಲುದಾರಿ. ನೀರಿನಂತೆ ಗಾಡಿಯ ರಭಸವೂ ಒಂದೊಂದು ಹಂತದಲ್ಲಿ ತಗ್ಗಬೇಕು. ಕೊನೆಗೆ ಮಗು ಆಡುವ ಜಾಗದಲ್ಲಿ ಗಾಡಿಯೇ ಇರಬಾರದು.

ಬಜಾರ್ ರಸ್ತೆಯಲ್ಲಿ ಒಂದು ಸೂಕ್ಷ್ಮ ಗಮನಿಸಿ. ಅಂಗಡಿಗಳು ಒಂದೇ ಬದಿಗೆ ಇರುತ್ತವೆ, ನೆರಳು ಬೀಳುವ ಬದಿಗೆ. ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ನೆರಳಿರುವ ಬದಿಯನ್ನೇ ಹುಡುಕಿಕೊಂಡು ನಡೆಯುವ ನಮಗೆ ಇದರ ಬೆಲೆ ತಟ್ಟನೆ ಗೊತ್ತಾಗುತ್ತದೆ. ಯಾವ ರಸ್ತೆಗೆ ಯಾವ ಮರ ಅನ್ನುವುದೂ ಮೊದಲೇ ನಿಗದಿ. ಅದರ ಹಿಂದೆ ನಿಂತವರು ಎಂ.ಎಸ್. ರಾಂಧಾವಾ ಎಂಬ ಅಧಿಕಾರಿ. ಅವರಿಗೆ ಗಿಡಮರಗಳೆಂದರೆ ಜೀವ.

ತಲೆ, ಎದೆ, ಉಸಿರು

ಊರನ್ನು ಮನುಷ್ಯನ ಮೈಯಂತೆ ಬರೆದಿದ್ದಾರೆ. ಬೆಟ್ಟದ ಕಡೆಗೆ, ಎತ್ತರದಲ್ಲಿ ತಲೆ. ಅದೇ ವಿಧಾನಸಭೆ, ಸಚಿವಾಲಯ, ಹೈಕೋರ್ಟ್ ಇರುವ ಸೆಕ್ಟರ್ 1ರ ಕ್ಯಾಪಿಟಲ್ ಕಾಂಪ್ಲೆಕ್ಸ್. ನಡುವೆ ಎದೆ, ಸೆಕ್ಟರ್ 17ರ ಮಾರುಕಟ್ಟೆ. ಊರುದ್ದಕ್ಕೂ ಸಾಗುವ ಹಸಿರು ಪಟ್ಟಿ ಶ್ವಾಸಕೋಶ. ವಿಶ್ವವಿದ್ಯಾಲಯದ ಕಡೆ ಬುದ್ಧಿ. ಒಂದು ಅಂಚಿಗೆ ಕಾರ್ಖಾನೆಗಳು. ರಸ್ತೆಗಳು ರಕ್ತನಾಳ.

ಕ್ಯಾಪಿಟಲ್ ಕಾಂಪ್ಲೆಕ್ಸ್ 2016ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಒಳಗೆ ಸುಮ್ನೆ ನಡೆದು ಹೋಗಲು ಆಗುವುದಿಲ್ಲ. ಗುರುತಿನ ಚೀಟಿ ತೋರಿಸಿ, ಗೈಡ್ ಜೊತೆಗೆ ಗೊತ್ತಾದ ವೇಳೆಗೆ ಹೋಗಬೇಕು. ಆಧಾರ್ ಕಾರ್ಡ್ ಮರೆಯಬೇಡಿ.

ಮೊದಲ ನೋಟಕ್ಕೆ ನಿರಾಸೆಯಾಗಬಹುದು. ಬಣ್ಣವಿಲ್ಲ, ಗಿಲಾವು ಇಲ್ಲ, ಬರೀ ಕಾಂಕ್ರೀಟ್. ಗೋಡೆಯ ಮೇಲೆ ಅಚ್ಚಿನ ಹಲಗೆಯ ಗೆರೆ ಹಾಗೇ ಕಾಣುತ್ತದೆ. ಆದರೆ ಕಿಟಕಿಗಳ ಮುಂದೆ ನಿಂತು ನೋಡಿ. ಗಾಜಿನ ಮುಂದೆ ದಪ್ಪ ಕಾಂಕ್ರೀಟಿನ ಗೂಡುಗಳು. ಬೇಸಿಗೆಯ ಎತ್ತರದ ಸೂರ್ಯನನ್ನು ತಡೆದು, ಚಳಿಗಾಲದ ತಗ್ಗಿನ ಸೂರ್ಯನನ್ನು ಒಳಗೆ ಬಿಡುವ ಉಪಾಯ ಅದು. ಶಹಾಬಾದ್ ಕಲ್ಲಿನ ದಪ್ಪ ಗೋಡೆ ಮತ್ತು ಸಣ್ಣ ಕಿಟಕಿಯಿಂದ ನಮ್ಮ ಹಳೆಯ ಮನೆಗಳು ಮಾಡಿದ್ದೂ ಬಿಸಿಲಿನ ಜೊತೆಗಿನ ಇದೇ ಜಗಳ. ದಾರಿ ಮಾತ್ರ ಬೇರೆ.

ಅಲ್ಲೇ ಬಯಲಿನಲ್ಲಿ 26 ಮೀಟರ್ ಎತ್ತರದ 'ತೆರೆದ ಕೈ' ನಿಂತಿದೆ. ಗಾಳಿ ಬೀಸಿದರೆ ತಿರುಗುತ್ತದೆ. ಕೊಡಲೂ ತೆರೆದ, ಪಡೆಯಲೂ ತೆರೆದ ಕೈ ಅಂತ ಅದರ ಅರ್ಥ. ಕಾರ್ಬುಸಿಯೆ ತೀರಿಕೊಂಡದ್ದು 1965ರಲ್ಲಿ. ಕೈ ಎದ್ದು ನಿಂತದ್ದು ಅದಾದ 20 ವರ್ಷಕ್ಕೆ.

ದಿನ ಒಂದೇ ಇದ್ದರೆ ಹೀಗೆ ಮಾಡಿ. ಬೆಳಿಗ್ಗೆ ಬೇಗ ಸುಖನಾ ಕೆರೆ. ಇದು 1958ರಲ್ಲಿ ಮಳೆಗಾಲದ ಹೊಳೆಗೆ ಒಡ್ಡು ಹಾಕಿ ಮಾಡಿದ ಕೆರೆ. ಪಿಯರ್ ಜೆನೆರೆ ಅವರ ಚಿತಾಭಸ್ಮವನ್ನು ಅವರ ಆಸೆಯಂತೆ ಇಲ್ಲೇ ಬಿಟ್ಟರು. ನಂತರ ಸೆಕ್ಟರ್ 19ರ ಲೆ ಕಾರ್ಬುಸಿಯೆ ಸೆಂಟರ್. ಊರು ಕಟ್ಟಿದವರು ಕೂತು ಕೆಲಸ ಮಾಡಿದ ಹಳೆಯ ಕಚೇರಿ ಅದು. ನಕ್ಷೆಗಳನ್ನು ಅಲ್ಲಿ ನೋಡಿಕೊಂಡು ಆಮೇಲೆ ಕ್ಯಾಪಿಟಲ್‌ಗೆ ಹೋದರೆ ಜಾಸ್ತಿ ತಿಳಿಯುತ್ತದೆ. ಸಂಜೆಗೆ ಸೆಕ್ಟರ್ 17. ಅಲ್ಲಿ ಕಾರು ಬರುವಂತಿಲ್ಲ, ಮಕ್ಕಳನ್ನು ಓಡಲು ಬಿಡಬಹುದು.

ನಕ್ಷೆಯಲ್ಲಿ ಇರದಿದ್ದದ್ದು

ಆ ನೆಲ ಖಾಲಿ ಇರಲಿಲ್ಲ. ಹಳ್ಳಿಗಳಿದ್ದವು, ಮಾವಿನ ತೋಪುಗಳಿದ್ದವು. ಕೆಲವು ಹಳ್ಳಿ ಎದ್ದುಹೋದವು, ಕೆಲವು ಸೆಕ್ಟರ್‌ನ ಒಳಗೇ ಉಳಿದವು. ಸೆಕ್ಟರ್ 45ರಲ್ಲಿ ಬುರೈಲ್ ಅಂತ ಒಂದಿದೆ. ನೇರ ರಸ್ತೆಯಿಂದ ಒಳಗೆ ಕಾಲಿಟ್ಟರೆ ಸಂದಿ, ಗೊಂದಿ, ಮಹಡಿಗೆ ತಾಗಿದ ಮಹಡಿ. ನಮ್ಮ ಶಹಾಬಜಾರ್ ಕಡೆಯ ಓಣಿಯೇ ನೆನಪಾಗುತ್ತದೆ.

ಕಟ್ಟುವಾಗ ಹಾಕಿದ ಲೆಕ್ಕ 5 ಲಕ್ಷ ಜನರದು. 2011ರ ಜನಗಣತಿಯಲ್ಲಿ ಚಂಡೀಗಢದ ಜನ 10 ಲಕ್ಷ ದಾಟಿದ್ದರು. ಪಕ್ಕಕ್ಕೆ ಒಂದು ಕಡೆ ಪಂಜಾಬಿನ ಮೊಹಾಲಿ, ಇನ್ನೊಂದು ಕಡೆ ಹರಿಯಾಣದ ಪಂಚಕುಲಾ ಬೆಳೆದಿವೆ. ಊರಿಗೆ ಬರುವ ರಸ್ತೆಗಳಲ್ಲಿ ಬೆಳಿಗ್ಗೆ, ಸಂಜೆ ವಾಹನಗಳು ಸಾಲುಗಟ್ಟುತ್ತವೆ.

ಇನ್ನು ರಾಕ್ ಗಾರ್ಡನ್. ಲೋಕೋಪಯೋಗಿ ಇಲಾಖೆಯ ರಸ್ತೆ ಇನ್‌ಸ್ಪೆಕ್ಟರ್ ನೇಕ್ ಚಂದ್ 1950ರ ದಶಕದ ಕೊನೆಯಲ್ಲಿ, ಯಾರೂ ಕಟ್ಟಬಾರದ ಕಾಡಿನ ಜಾಗದಲ್ಲಿ ಗುಟ್ಟಾಗಿ ಶುರು ಮಾಡಿದರು. ಊರು ಕಟ್ಟುವಾಗ ಬಿದ್ದ ಒಡೆದ ಬಳೆ, ಹಂಚು, ಪಿಂಗಾಣಿ ಹೆಕ್ಕಿ ತಂದು ಗೊಂಬೆ ಮಾಡಿ ನಿಲ್ಲಿಸಿದರು. ವರ್ಷಗಳ ಮೇಲೆ ಅಧಿಕಾರಿಗಳಿಗೆ ಗೊತ್ತಾಯಿತು. ಕಾನೂನಿನ ಪ್ರಕಾರ ಕೆಡವಬೇಕಿತ್ತು. ಕೆಡವಲಿಲ್ಲ. 1976ರಲ್ಲಿ ಜನರಿಗೆ ತೆರೆದರು. ಒಂದೊಂದು ಗೆರೆಯನ್ನೂ ಮೊದಲೇ ಎಳೆದಿದ್ದ ಊರಿನಲ್ಲಿ, ಯಾರೂ ಎಳೆಯದ ಗೆರೆ ಇದು. ಎರಡನ್ನೂ ಒಂದೇ ದಿನ ನೋಡಿ.

ನಮ್ಮ ಮಣ್ಣಿನಲ್ಲೇ ಎರಡು

ಯೋಜಿತ ರಾಜಧಾನಿ ನೋಡಲು 2000 ಕಿ.ಮೀ. ಹೋದ ನಮಗೆ, ವಾಪಸ್ ಬಂದ ಮೇಲೆ ಹತ್ತಿರದ್ದು ನೆನಪಾಯಿತು.

ಒಂದು, ಫಿರೋಜಾಬಾದ್. ಕಲಬುರಗಿಯಿಂದ ಜೇವರ್ಗಿ ಕಡೆಗೆ ಹೋಗುವಾಗ ಭೀಮೆಯ ದಂಡೆಯಲ್ಲಿ ಸಿಗುತ್ತದೆ. ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಕಟ್ಟಿಸಿದ ಊರು. ಪಶ್ಚಿಮಕ್ಕೆ ನದಿಯೇ ಕಾವಲು. ಉಳಿದ ಮೂರು ಕಡೆ ಗೋಡೆ, ದೊಡ್ಡ ಕಮಾನಿನ ಅಗಸೆಗಳು. ಒಳಗೆ ಅರಮನೆ, ವಿಶಾಲವಾದ ಜಾಮಿ ಮಸೀದಿ. ಫಿರೋಜ್ 1422ರಲ್ಲಿ ಪಟ್ಟ ಬಿಡಬೇಕಾಯಿತು. ಅವನ ತಮ್ಮ ಅಹಮದ್ ಷಾ ಬೀದರನ್ನು ರಾಜಧಾನಿ ಮಾಡಿಕೊಂಡ. ಸುಲ್ತಾನ ಹೋದ ಮೇಲೆ ಊರನ್ನು ಹಿಡಿದಿಡಲು ಬೇರೆ ಏನೂ ಇರಲಿಲ್ಲ. ಇವತ್ತು ಆ ಗೋಡೆಗಳ ಒಳಗೆ ಬೆಳೆ ನಿಂತಿರುತ್ತದೆ.

ಇನ್ನೊಂದು, ಆ ಬೀದರ್. ಅದು ಬದುಕಿತು. ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಅಂಚಿಗೆ ಕೋಟೆ, ಅದಕ್ಕೆ ಅಂಟಿ ಪೇಟೆ. ನೆಲದಡಿ ಸುರಂಗ ತೋಡಿ ನೀರು ತಂದ ಕರೇಜ್. ಜನ, ವ್ಯಾಪಾರ, ವಿದ್ಯೆ ಮೂರೂ ಒಳಗೆ ಸೇರಿದವು. ಸುಲ್ತಾನರು ಹೋದರೂ ಪೇಟೆ ಉಳಿಯಿತು. ಕಲಬುರಗಿಯಿಂದ ಸುಮಾರು 110 ಕಿ.ಮೀ., ಅದೂ ಹುಮನಾಬಾದ್ ಮೇಲೆಯೇ. ಉತ್ತರಕ್ಕೆ ಹೊರಟ ಮೊದಲ ದಿನವೇ ಅರ್ಧ ದಿನ ಅಲ್ಲಿ ಕಳೆಯಬಹುದು.

ಹೋದರೆ ಪೇಟೆಯ ನಡುವಿನ ಚೌಬಾರಾ ಹತ್ತಿರ ನಿಲ್ಲಿ. ಗುಂಡಗಿನ, ಎತ್ತರದ ಕಾವಲು ಗೋಪುರ ಅದು. ಅದರ ಬುಡದಿಂದ ನಾಲ್ಕು ದಿಕ್ಕಿಗೆ ನಾಲ್ಕು ಮುಖ್ಯ ಬೀದಿ ಹೊರಡುತ್ತವೆ. ಕೋಟೆಯ ಕಡೆಗೆ ಹೋಗುವ ಬೀದಿಯಲ್ಲಿ ನಡೆಯುತ್ತಾ ಹೋಗಿ, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಚಂಡೀಗಢದಿಂದ ಬಂದ ಮೇಲೆ ನಾವು ಅಲ್ಲಿಗೆ ಹೋದಾಗ ಮಗಳು ಗೋಪುರದ ಸುತ್ತ ಒಂದು ಸುತ್ತು ಹಾಕಿ ಬಂದು ಕೇಳಿದಳು, "ಇದು ಸೆಕ್ಟರ್ 17, ಅಲ್ವಾ?"